ತಗರದ ಬೇರು

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮಗಳೂ ಮೊಮ್ಮಗುವೂ ಚೆನ್ನಾಗಿದ್ದಾರೆ ತಾನೆ? ಅಜ್ಜಿಯಾದ ಮೇಲೆ ನಿನ್ನ ಅಕ್ಷರ ದೊಡ್ಡದಾಗಿದೆ. ಎರಡು ಮಾತಿಗೇ ಹಾಳೆ ಮುಗಿದುಹೋಗುತ್ತದೆ. ನಾನು ಕ್ಷೇಮ.

ನೀನು ಕಳಿಸಿದ ತಗರದ ಬೇರು ತಲುಪಿತು. ನಿದ್ದೆಗೂ ಎದೆಯ ದಿಗಿಲಿಗೂ ಒಳ್ಳೆಯದು, ತಣ್ಣೀರಲ್ಲಿ ನೆನೆಹಾಕಿ ಕುಡಿ, ಕುದಿಸಬೇಡ ಎಂದು ಬರೆದಿದ್ದೆ. ಮೊದಲ ದಿನ ಕುದಿಸಿಯೇ ಬಿಟ್ಟೆ. ನನಗೆ ಹೇಳಿದ ಮಾತು ಒಲೆಯವರೆಗೆ ತಲುಪುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಒದ್ದೆ ಕಾಲುಚೀಲ ಬೇಯಿಸಿದಂಥ ನಾತ. ಆ ನಾತಕ್ಕೆ ಮರುಳಾಗಿ ಬೀದಿಯ ಬೆಕ್ಕುಗಳೆಲ್ಲ ಮೆಟ್ಟಿಲ ಮೇಲೆ ಬಂದು ಹೊರಳಾಡಿದವು. ಕೆಳಮನೆಯ ದರ್ಜಿ ಮೂಗು ಹಿಡಿದುಕೊಂಡು ಹತ್ತಿ ಬಂದು, "ಏನ್ರೀ, ಅಕ್ಕ ಇಲ್ಲ ಅಂತ ಸ್ನಾನಾನೂ ಬಿಟ್ರಾ?" ಎಂದ. ಅದೇ ಹೊತ್ತಿಗೆ ನಿನ್ನ ಕೋಣೆ ನೋಡಲು ಒಬ್ಬ ಮೇಷ್ಟ್ರು, ಅವರ ಹೆಂಡತಿ ಬಂದರು. ಸುಮ್ಮನೆ ಖಾಲಿ ಯಾಕೆ, ಬಾಡಿಗೆಗೆ ಕೊಡು ಎಂದು ನೀನೇ ಬರೆದಿದ್ದೆಯಲ್ಲ. ಆಕೆ ಹೊಸ್ತಿಲಲ್ಲೇ ನಿಂತು ಗಂಡನ ತೋಳು ಚಿವುಟಿದರು. "ಆಮೇಲೆ ತಿಳಿಸ್ತೀವಿ" ಎಂದು ಬೆಕ್ಕುಗಳನ್ನು ದಾಟಿಕೊಂಡು ಇಳಿದುಹೋದರು. ಅವರ ಚಪ್ಪಲಿ ಸದ್ದು ದೂರವಾಗುತ್ತಿದ್ದಂತೆ ಎದೆ ಹಗುರವಾಯಿತು. ಔಷಧಿಯನ್ನು ನಾನಿನ್ನೂ ಕುಡಿದೇ ಇರಲಿಲ್ಲ.

ಈಗ ನೀನು ಹೇಳಿದಂತೆಯೇ ನೆನೆಹಾಕಿ ಕುಡಿಯುತ್ತೇನೆ. ಗಡಿಯಾರದ ಅಂಗಡಿಯಲ್ಲಿ ಕೈ ನಡುಗುವುದು ಕಡಿಮೆಯಾಗಿದೆ. ಕೂದಲೆಳೆಯಂಥ ಸ್ಪ್ರಿಂಗು ಒಂದೇ ಸಲಕ್ಕೆ ಕೂರುತ್ತದೆ. "ಅಂತೂ ಮನುಷ್ಯ ಆದೆ ಕಣಯ್ಯ" ಎನ್ನುತ್ತಾರೆ ಮಾಲೀಕರು. ಆದರೆ ಬೇರು ಬೇಗ ಕರಗುತ್ತಿದೆ. ಕೋಣೆ ನೋಡಲು ಯಾರಾದರೂ ಬರುತ್ತೇವೆಂದರೆ ಮೊದಲೇ ಒಂದು ಹಿಡಿ ಕುದಿಯಲು ಇಡುತ್ತೇನೆ. ನಿನ್ನ ಮಂಚ, ಕನ್ನಡಿ, ಬಾಗಿಲ ಹಿಂದಿನ ಹಳೆಯ ಸ್ವೆಟರ್ ಎಲ್ಲಕ್ಕೂ ಆ ನಾತ ಹಿಡಿದಿದೆ. ಮೊದಲು ಅಲ್ಲಿ ಯಾವ ವಾಸನೆಯಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದೆ, ಆಗಲಿಲ್ಲ.

ಮಗುವಿಗೆ ಈ ಗಡಿಯಾರದ ತಾತನ ಮುದ್ದು. ಮಗಳಿಗೆ ಆಶೀರ್ವಾದ. ನಿನ್ನ ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ನಿನ್ನ
ತಮ್ಮ

ತಾ.ಕ.: ಇನ್ನಷ್ಟು ಬೇರು ಕಳಿಸಲೇ ಎಂದು ಕೇಳಿದ್ದೀಯ. ಬೇಡ. ಮಗಳ ಹೆರಿಗೆಗೆಂದು ಹೋದವಳು ನೀನು ಅಲ್ಲೇ ಉಳಿಯುವುದಾದರೆ, "ಉಳಿಯುತ್ತೇನೆ" ಎಂದು ಬರೆ. ಬೇರೆ ಸುದ್ದಿಯ ನಡುವೆ ತುರುಕಬೇಡ, ಅದೊಂದನ್ನೇ ಬರೆ. ಕಿಟಕಿ ತೆರೆದಿಟ್ಟು ಕೋಣೆ ಕೊಟ್ಟುಬಿಡುತ್ತೇನೆ. ನಿದ್ದೆಯ ವಿಚಾರ ನಾನು ನೋಡಿಕೊಳ್ಳುತ್ತೇನೆ.