ಬೋಳುಮಂಡೆಯ ಬಿಳಿ ಕಲ್ಲು

ಬೋಳುಮಂಡೆ ಗುಡ್ಡಕ್ಕೆ ಬೇಲಿ ಹಾಕಿಸಿದ ಮಾನ್ಯ ಅಧಿಕಾರಿಗಳೇ,

ನಮ್ಮ ಕಾಲು ಜಾರೀತೆಂಬ ಚಿಂತೆ ನಿಮಗೆ ಯಾವಾಗಿನಿಂದ ಶುರುವಾಯಿತು? ಗುಡ್ಡದ ಬುಡಕ್ಕೆ ತಂತಿಬೇಲಿ, ಗೇಟು, ಗೇಟಿಗೊಂದು ಫಲಕ: ‘ತುದಿಯ ಬಂಡೆ ಅಪಾಯಕಾರಿ. ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಏರುವುದನ್ನು ನಿಷೇಧಿಸಲಾಗಿದೆ.’ ನಮ್ಮ ಕೇರಿಯ ರಸ್ತೆಯ ಹೊಂಡದಲ್ಲಿ ಪ್ರತಿ ಮಳೆಗಾಲ ಯಾರಾದರೊಬ್ಬರು ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ಅದಕ್ಕೆ ಒಂದು ಬುಟ್ಟಿ ಮಣ್ಣು ಹಾಕಿಸಲು ಯಾರಿಗೂ ಪುರಸೊತ್ತಾಗಿಲ್ಲ. ಯಾರೂ ಬಿದ್ದ ನೆನಪೇ ಇಲ್ಲದ ಗುಡ್ಡದ ಮೇಲೆ ಮಾತ್ರ ಇಷ್ಟು ಕರುಣೆ ಉಕ್ಕಿದರೆ ನನ್ನಂಥವಳಿಗೆ ಅನುಮಾನ ಬಾರದೆ ಇದ್ದೀತೇ?

ತಾವು ಹೊಸಬರು, ಹೇಳುತ್ತೇನೆ ಕೇಳಿ. ನಾನು ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು, ಮನೆ ಕಡಲ ದಂಡೆಯಲ್ಲಿ. ಬೋಳುಮಂಡೆ ನೋಡಲು ಪ್ರವಾಸಿಗರು ಬರುವುದಿಲ್ಲ. ಗೇರುಮರಗಳ ಹಕ್ಕಲು, ಕರಡದ ಹುಲ್ಲು ದಾಟಿ ಏದುಸಿರು ಬಿಡುತ್ತ ತುದಿಗೆ ಹೋದರೆ ಮರವಿಲ್ಲ, ನೆರಳಿಲ್ಲ. ಬರೀ ಕರಿಬಂಡೆ, ಸೆರಗು ನಿಲ್ಲಲು ಬಿಡದ ಗಾಳಿ, ದೂರದಲ್ಲಿ ಕಾರವಾರದ ದ್ವೀಪಗಳು. ಪ್ರತಿ ವರ್ಷ ನಾರಳಿ ಹುಣ್ಣಿಮೆಯ ಬೆಳಿಗ್ಗೆ ಗಂಡಸರು ಕಡಲಿಗೆ ತೆಂಗಿನಕಾಯಿ ಬಿಟ್ಟು ಮೊದಲ ದೋಣಿ ಇಳಿಸುತ್ತಾರೆ. ಅದೇ ಹೊತ್ತಿಗೆ ಹೆಂಗಸರು ಸೀರೆ ಎತ್ತಿ ಕಟ್ಟಿ, ಚಿಪ್ಪಿನ ಸುಣ್ಣದ ಕೊಡ ಹೊತ್ತು ಗುಡ್ಡ ಏರುತ್ತೇವೆ. ಕಡಲಿಗೆ ಮುಖ ಮಾಡಿದ ಬಂಡೆಗೆ ಸುಣ್ಣ ಬಳಿಯುತ್ತೇವೆ. ಹಳೆಯದು ಮಳೆಗೆ ತೊಳೆದು ಹೋಗಿರುತ್ತದೆ. ಸಂಜೆ ಮರಳುವ ದೋಣಿಗೆ ಅಳಿವೆಯ ಬಾಯಿ ಕಾಣುವ ಮೊದಲು ಕಾಣುವುದು ಆ ಬಿಳಿ ಕಲ್ಲು. ಅದನ್ನು ನೇರಕ್ಕೆ ಇಟ್ಟುಕೊಂಡು ಬಂದರೆ ಮನೆ, ತಪ್ಪಿದರೆ ನೀರಿನಡಿಯ ಬಂಡೆ.

ಈ ವರ್ಷ ನಿಮ್ಮ ಕಾವಲುಗಾರ ನಮ್ಮನ್ನು ಗೇಟಿನಲ್ಲೇ ತಡೆದ. “ಮೇಲಿಂದ ಆರ್ಡರ್ ಬಂದದೆ. ಹತ್ತೂಕೆ ಬಿಡೂಕಾಗೂದಿಲ್ಲ ಅಕ್ಕಾ.”

“ಎಂತಕ್ಕೆ?”

“ನಿಮ್ಮ ಜೀವಕ್ಕೇ ಅಲ್ದಾ?”

ತುಂಬಿದ ಕೊಡ ಹೊತ್ತು ಹಿಂದಿರುಗುವಷ್ಟರಲ್ಲಿ ನನ್ನ ಗಂಡ ಬೊಮ್ಮಯ್ಯನವರ ದೋಣಿ ಹೊರಟುಹೋಗಿತ್ತು. ಗುಡ್ಡದ ದಕ್ಷಿಣ ಮಗ್ಗುಲಿಗೆ ನೀವು ಕಾವಲಿನವನಿಗೊಂದು ಚೌಕಿ ಕಟ್ಟಿಸಿದ್ದೀರಲ್ಲ, ಗೋಡೆಗೆ ಎಷ್ಟು ಚೆಂದದ ಬಿಳಿ ಬಣ್ಣ! ಅದು ಕಡಲಿಂದ ಹೇಗೆ ಕಂಡೀತು ಎಂದು ಆಗ ನಮಗೂ ಹೊಳೆಯಲಿಲ್ಲ.

ಸಂಜೆ ಜಡಿಮಳೆ. ಮೋಡದ ನಡುವೆ ಗುಡ್ಡದಲ್ಲಿ ಬಿಳಿ ಕಂಡಿತು, ನಮ್ಮವರು ಅದರ ನೇರಕ್ಕೆ ಚುಕ್ಕಾಣಿ ತಿರುಗಿಸಿದರು. ಕಂಡದ್ದು ನಿಮ್ಮ ಚೌಕಿಯ ಗೋಡೆ. ದೋಣಿ ಬಂಡೆಗೆ ಬಡಿದು ಒಡೆಯಿತು. ಜೊತೆಯವರು ಹಲಗೆ ಹಿಡಿದು ಬದುಕಿದರು, ಇವರ ಭುಜ ಮುರಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು ನನ್ನನ್ನು ಬೈಯಲಿಲ್ಲ. “ಬೆಳ್ಳಗೆ ಕಂಡ್ತು ಮಾರಾಯ್ತಿ. ನೀನೇ ಬಳದದ್ದು ಅಂದ್ಕಂಡೆ,” ಎಂದರಷ್ಟೆ.

ನಿಮ್ಮ ಕಚೇರಿ ಪತ್ರಿಕೆಯವರಿಗೆ ಕೊಟ್ಟ ವಿವರಣೆ ಏನು? ‘ದೋಣಿ ನಡೆಸುವವನ ನಿರ್ಲಕ್ಷ್ಯ, ಪಾನಮತ್ತನಾಗಿದ್ದ ಸಾಧ್ಯತೆ.’ ನನ್ನ ಗಂಡ ಕುಡಿಯುವುದೇ ಇಲ್ಲ ಎಂದು ನಾನು ಆಣೆ ಮಾಡಲಾರೆ, ಕೇರಿ ನಕ್ಕೀತು. ಕಡಲಿಗೆ ಇಳಿಯುವ ದಿನ ಮಾತ್ರ ಅವರು ಮುಟ್ಟುವುದಿಲ್ಲ. ಅಹವಾಲು ಹೇಳಲು ಬಂದಾಗ ನಿಮ್ಮ ಗುಮಾಸ್ತರು, “ಈಗ ಜಿಪಿಎಸ್ ಬಂದಿದೆ, ತಗೊಳ್ಳಿ,” ಎಂದು ಉಪದೇಶ ಮಾಡಿದರು. ಆಹಾ, ಎಷ್ಟು ಸುಲಭ! ಇಲ್ಲಿ ಬೊಮ್ಮಯ್ಯನವರು ದಂಡೆಯಲ್ಲಿ ಕುಳಿತು ತಮ್ಮ ಕಣ್ಣನ್ನೇ ನಂಬದವರಾಗಿದ್ದಾರೆ. ಉಳಿದ ದೋಣಿಗಳು ದಿನಾ ಹೋಗುತ್ತಿವೆ. ಅವು ಮರಳುವ ತನಕ ನಮ್ಮ ಕೇರಿಯಲ್ಲಿ ಯಾವ ಹೆಂಗಸಿಗೂ ಅನ್ನ ಸೇರುವುದಿಲ್ಲ.

ಇನ್ನು ನನ್ನ ಅನುಮಾನದ ವಿಷಯ. ಗುಡ್ಡದ ಬುಡದಲ್ಲಿ ಹುಲ್ಲು ಕೊಯ್ಯುವ ಸುಕ್ರಿ ಒಂದು ದಿನ ನನ್ನ ಮೀನುಬುಟ್ಟಿಯ ಮುಂದೆ ಕುಳಿತು ಕೇಳಿದಳು: “ಬೂಟು ಹಾಕ್ದವ್ರು ಬಾಳೆಗುಳಿ ಬದಿಯಿಂದ ಜೀಪಲ್ಲಿ ಬತ್ರು, ಮೇಲೆ ಹೋಗಿ ಕಲ್ಲು ಕೊರಿತ್ರು. ಅವ್ರ ಕಾಲು ಜಾರೂದಿಲ್ವೇನೆ ತಂಗಿ?”

ಜಾರುವುದಿಲ್ಲವೇ ಸ್ವಾಮಿ? ಉತ್ತರ ಕೊಡುವವರು ಇಲ್ಲದ್ದರಿಂದ ಸುಕ್ರಿಯ ಹುಲ್ಲಿನ ದಾರಿಯಲ್ಲಿ ನಾನೇ ಹತ್ತಿ ನೋಡಿದೆ. ತುದಿಯ ಬಂಡೆಯ ತುಂಬ ಕೆಂಪು ಬಣ್ಣದ ನಂಬರುಗಳು, ನಂಬರಿಗೊಂದು ತೂತು. ಸಂತೆಯಲ್ಲಿ ಕಡಿಯುವ ಕುರಿಗೆ ಗುರುತು ಹಾಕುತ್ತಾರಲ್ಲ, ಹಾಗೇ ಇತ್ತು. ಈ ಕಲ್ಲು ಎಲ್ಲಿಗೆ ಹೊರಟಿದೆ? ಯಾರ ರಸ್ತೆಗೆ, ಯಾರ ಗೋಡೆಗೆ? ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎನ್ನುತ್ತೀರಿ. ನಮ್ಮ ಜೀವದ ಕಾಳಜಿಗೆ ಕೊರೆಯುವ ಯಂತ್ರ ಯಾಕೆ ಬೇಕಾಯಿತು?

ಆದ್ದರಿಂದ ಆಗ್ರಹಪೂರ್ವಕವಾಗಿ ಕೇಳುತ್ತಿದ್ದೇನೆ. ಆ ನಂಬರುಗಳು ಯಾತಕ್ಕೆಂದು ಕೇರಿಗೆ ಬಂದು ಎಲ್ಲರೆದುರು ಹೇಳಿ. ಗೇಟು ತೆಗೆಸಿ. ಚೌಕಿಗೆ ಬೇರೆ ಯಾವುದಾದರೂ ಬಣ್ಣ ಹೊಡೆಸಿ.

ಅಂದ ಹಾಗೆ, ಅವತ್ತು ನಾನು ಬರಿಗೈಯಲ್ಲಿ ಹತ್ತಿರಲಿಲ್ಲ. ಸೊಂಟದಲ್ಲಿ ಸುಣ್ಣದ ಕೊಡ ಇತ್ತು. ನಿಮ್ಮ ನಂಬರುಗಳ ಮೇಲೆಯೇ ದಪ್ಪಗೆ ಬಳಿದು ಬಂದಿದ್ದೇನೆ. ಸಂಜೆ ಬೊಮ್ಮಯ್ಯನವರು ದಂಡೆಯಿಂದ ಬಹಳ ಹೊತ್ತು ಮೇಲೆ ನೋಡಿದರು. “ಈಗ ಸಮಾ ಅದೆ,” ಎಂದರು. ನನ್ನನ್ನು ಹಿಡಿದೊಯ್ಯಲು ಬರುವುದಿದ್ದರೆ ದಯವಿಟ್ಟು ಕಡಲ ಕಡೆಯಿಂದ ಬನ್ನಿ. ಮನೆಯ ದಾರಿ ಚೆನ್ನಾಗಿ ಕಾಣುತ್ತದೆ.

ಇಂತಿ,
ನೀವು ಕಾಪಾಡಲು ಹೊರಟ ಸಾರ್ವಜನಿಕರಲ್ಲಿ ಒಬ್ಬಳು,
ಕೈಯ ಸುಣ್ಣ ಇನ್ನೂ ಹೋಗದ
ವೈಜಯಂತಿ ಹರಿಕಂತ್ರ