ಕಣಗಿಲೆ ನೆನೆಸಿದ ನೀರು

ಪುಟ್ಟೀ,

ಗಾಬರಿಯಾಗಬೇಡ, ಪೂರ್ತಿ ಓದು. ನಮ್ಮ ಮದುವೆ ವಾರ್ಷಿಕೋತ್ಸವದ ಹೂದಾನಿಗೆಂದು ನೀನು ರಾತ್ರಿ ಕಣಗಿಲೆ ಕೊಂಬೆ ನೆನೆಸಿಟ್ಟಿದ್ದೆಯಲ್ಲ, ಆ ಚೊಂಬಿನ ನೀರನ್ನು ನಿನ್ನ ಮಾವ ಗಟಗಟನೆ ಕುಡಿದುಬಿಟ್ಟಿದ್ದಾರೆ! ಹೂ ಜೋಡಿಸಿದ ಮೇಲೆ ನೀರು ಚೆಲ್ಲಬಾರದಿತ್ತೇನೇ? ಅದು ವಿಷದ ಗಿಡ ಕಣೇ. ಕೇಳಿದರೆ, "ಕಹಿ ಇತ್ತು, ನೀನಿಟ್ಟ ಕಷಾಯ ಅಂದ್ಕೊಂಡೆ" ಅಂತಾರೆ.

ಎದುರುಮನೆ ಡ್ರೈವರನ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಹೊರಟಿದ್ದೇವೆ. ನೀನು ನೋಡಿದರೆ ಫೋನು ಮೇಜಿನ ಮೇಲೇ ಬಿಟ್ಟು, ಮಗುವನ್ನೆತ್ತಿಕೊಂಡು ಕೇಕು ತರಲು ಹೋಗಿದ್ದೀಯ. ಡಾಕ್ಟರಿಗೆ ತೋರಿಸಲು ಒಂದು ಕೊಂಬೆ ಒಯ್ಯುತ್ತಿದ್ದೇನೆ. ಹೂದಾನಿಯ ಎಡಗಡೆ ಬೋಳಾಗಿರುವುದು ಅದಕ್ಕೇ. ಉಳಿದ ಕಣಗಿಲೆಯನ್ನೂ ತೆಗೆದುಹಾಕು, ಮಗು ಬಾಯಿಗೆ ಹಾಕಿಕೊಂಡೀತು. ಸೇವಂತಿಗೆ ಇರಲಿ, ಚೆನ್ನಾಗಿ ಜೋಡಿಸಿದ್ದೀಯ. ಚೊಂಬು ಉಜ್ಜಿ ತೊಳೆ, ಕೈಯನ್ನೂ ತೊಳೆದುಕೋ.

ನಿನ್ನ ಗಂಡ ಕೇಳಿದರೆ ಚೊಂಬು ಅಲ್ಲಿಟ್ಟವಳು ಅಮ್ಮನೇ ಎನ್ನು. ಬೈಯುವುದಿದ್ದರೆ ನನ್ನನ್ನು ಬೈಯಲಿ.

"ಏನೇ, ಅಲ್ಲೇನು ಕಾದಂಬರಿ ಬರೀತಿದ್ದೀಯಾ?" ಎಂದು ನಿನ್ನ ಮಾವ ಕಾರಿನಿಂದ ಕೂಗುತ್ತಿದ್ದಾರೆ. ಕೂಗಲಿ. ಕೂಗುವಷ್ಟು ಉಸಿರಿದೆಯಲ್ಲ, ಸದ್ಯಕ್ಕೆ ನನಗಷ್ಟೇ ಸಾಕು.

ಹೊರಟೆ.

ಅತ್ತೆ