ವಾರಸುದಾರರಿಲ್ಲದ ಮಾತ್ರೆ

ತುರುವೇಕೆರೆ, ಅಕ್ಟೋಬರ್ ೧೪, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಕೊಬ್ಬರಿ ವ್ಯಾಪಾರಿ ಮಹಾಂತೇಶ್ ಮಧ್ಯಾಹ್ನ ನನ್ನ ಮೆಡಿಕಲ್ ಶಾಪಿಗೆ ನುಗ್ಗಿ, ಕಾಯಿ ಸುಲಿಯುವ ಹಾರೆಯಿಂದ ಕೌಂಟರಿನ ಗಾಜು ಒಡೆದ. ಅವನ ತಂದೆ ಶಂಭುಲಿಂಗಯ್ಯನವರು ಬಿ.ಪಿ. ಏರಿ, ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದಿದ್ದರು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಗನ ಹಿಂದೆಯೇ ಬಂದರು.

"ಡೂಪ್ಲಿಕೇಟ್ ಮಾತ್ರೆ ಕೊಟ್ಟು ನಮ್ಮಪ್ಪನ್ನ ಸಾಯಿಸ್ತೀಯೇನೇ?"

ನಾನು ಅವರಿಗೆ ಕೊಟ್ಟಿದ್ದು ಅಗ್ಗದ ಬಿ.ಪಿ. ಮಾತ್ರೆ; ಕಂಪನಿ ಬೇರೆ, ಔಷಧಿ ಅದೇ ಎಂದೆ. ಅದರ ಪೇಟೆಂಟ್ ಮುಗಿದು ಎಷ್ಟೋ ವರ್ಷವಾಯಿತು, ಲೈಸೆನ್ಸ್ ಇರುವ ಯಾರು ಬೇಕಾದರೂ ತಯಾರಿಸಬಹುದು ಎಂದೆ.

"ವಾರಸುದಾರ್ರಿಲ್ದಿರೋ ಮಾಲು ಅನ್ನು. ಬೀದೀಲಿ ಬಿದ್ದಿರೋ ಕಾಯಿ!" ಎಂದು ಇನ್ನೊಂದು ಗಾಜಿಗೆ ಬೀಸಿದ.

ಆಗ ಮುದುಕರು ಬಾಯಿಬಿಟ್ಟರು. "ಆ ಮಾತ್ರೆ ನಾನು ನುಂಗೇ ಇಲ್ಲ ಕಣ್ಲಾ. ಹೆಸರಿಲ್ಲದ ಕಂಪನೀದು ಮುಟ್ಬೇಡ ಅಂದೋನು ನೀನೇ. ತೆಂಗಿನ ಪಾತಿಗೆ ಸುರಿದ್ಬುಟ್ಟೆ."

ಮಹಾಂತೇಶ್ ಅಪ್ಪನತ್ತ ತಿರುಗಿ, ಆ ಹೊಲಿಗೆ ಹಾಕಿದ ತಲೆಯ ಮೇಲೆಯೇ ಹಾರೆ ಎತ್ತಿದ. ಷಟರ್ ಎಳೆಯುವ ಕಬ್ಬಿಣದ ಕೊಕ್ಕೆ ನನ್ನ ಕೈಯಲ್ಲಿತ್ತು. ಯಾವಾಗ ಹಿಡಿದೆನೋ ಗೊತ್ತಿಲ್ಲ. ಅವನ ಮಣಿಕಟ್ಟಿಗೆ ಬಾರಿಸಿದೆ. ಒಣಗಿದ ಕರಟ ಒಡೆದಂತೆ ಲಟ್ ಎಂದಿತು. ಆ ಸದ್ದು ಹಿತವಾಗಿತ್ತು. ಇದನ್ನು ಇಲ್ಲಿ ಬಿಟ್ಟು ಇನ್ನೆಲ್ಲಿ ಬರೆಯಲಿ?

ಗಾಜಿನ ಚೂರುಗಳ ಮೇಲೆ ಕುಸಿದು ಅರಚಿದ. "ನೋವಿಗೆ ಏನಾರ ಕೊಡವ್ವ, ಸಾಯ್ತೀನಿ!"

ಪ್ಯಾರಾಸಿಟಮಾಲ್ ಕೊಟ್ಟೆ. ಅದಕ್ಕೂ ಪೇಟೆಂಟ್ ಇಲ್ಲ. ಅವನು ಬೀದಿ ಕಾಯಿ ಅಂದನಲ್ಲ, ಅದೇ ಕಂಪನಿಯದು. ನೀರಿಗೂ ಕಾಯದೆ ನುಂಗಿದ. ಕಂಪನಿ ಯಾವುದೆಂದು ಕೇಳಲಿಲ್ಲ.